ಅಪರಾಧದ ಸುದ್ದಿ ಮತ್ತು ನಮ್ಮ ಭಯ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷ ನಾನು ಕರಾವಳಿಯ ಒಂದು ಪತ್ರಿಕೆಗೆ ಅಪರಾಧ ಸುದ್ದಿ ಬರೆಯುತ್ತಿದ್ದೆ. ಈಗ ಶಿರಸಿ, ಕುಮಟಾ, ಕಾರವಾರದ ಕಾಲೇಜುಗಳಿಗೆ, ಮಹಿಳಾ ಸಂಘಗಳಿಗೆ ಹೋಗಿ ಸುದ್ದಿಯನ್ನು ಹೇಗೆ ಓದಬೇಕು ಎಂದು ಮಾತಾಡುತ್ತೇನೆ. ಘಟ್ಟದ ಮೇಲಾದರೂ ಕೆಳಗಾದರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನು ಉತ್ತರದ ಜೊತೆ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲಿಗಿಂತ ಈಗ ಕೊಲೆಗಳು ಜಾಸ್ತಿ ಆಗಿವೆ ಅಲ್ವಾ?

ಇಲ್ಲ. ಇಡೀ ದೇಶದ ಲೆಕ್ಕ ಹಿಡಿದರೆ ಕಡಿಮೆ ಆಗಿವೆ. 1992ರಲ್ಲಿ ಭಾರತದಲ್ಲಿ ದಾಖಲಾದ ಕೊಲೆಗಳು 40,000ದ ಆಸುಪಾಸು. ಆಗ ನಮ್ಮ ಜನಸಂಖ್ಯೆ 90 ಕೋಟಿಯೂ ಇರಲಿಲ್ಲ. 2022ರಲ್ಲಿ ದಾಖಲಾದದ್ದು 28,522. ಅಷ್ಟೊತ್ತಿಗೆ ಜನಸಂಖ್ಯೆ 140 ಕೋಟಿ ಮುಟ್ಟಿತ್ತು. ಲಕ್ಷ ಜನರಿಗೆ 2.1 ಕೊಲೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ.

ನಾನು ಕೊಲೆಯ ಲೆಕ್ಕವನ್ನೇ ಹಿಡಿಯಲು ಕಾರಣ ಇದೆ. ಹೆಣ ಸಿಕ್ಕರೆ ಅದನ್ನು ದಾಖಲಿಸದೆ ಬಿಡುವುದು ಕಷ್ಟ. ಹಲ್ಲೆ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ ಹಾಗಲ್ಲ. ಯಾರಾದರೂ ಠಾಣೆಯ ಮೆಟ್ಟಿಲು ಹತ್ತಬೇಕು, ಒಳಗಿದ್ದವರು ಬರೆದುಕೊಳ್ಳಬೇಕು. ಹಾಗಾಗಿ ಅತ್ಯಾಚಾರದ ಪ್ರಕರಣಗಳು ಒಂದು ವರ್ಷ ಜಾಸ್ತಿಯಾದರೆ ಅಪರಾಧವೇ ಜಾಸ್ತಿಯಾಯಿತು ಎಂದು ಹೇಳಲು ಬರುವುದಿಲ್ಲ. ಧೈರ್ಯ ಮಾಡಿ ದೂರು ಕೊಟ್ಟವರು ಜಾಸ್ತಿ ಆಗಿರಬಹುದು. ಅಪರಾಧ ಹೆಚ್ಚುವುದು ಬೇರೆ, ದಾಖಲಾಗುವುದು ಹೆಚ್ಚುವುದು ಬೇರೆ ಎಂದು ಬ್ಯೂರೋವೇ ತನ್ನ ವರದಿಯಲ್ಲಿ ಎಚ್ಚರಿಸುತ್ತದೆ. ಸುದ್ದಿಯ ತಲೆಬರಹದಲ್ಲಿ ಮಾತ್ರ ಆ ಎಚ್ಚರಿಕೆ ಉಳಿಯುವುದಿಲ್ಲ.

ನಮ್ಮ ಜಿಲ್ಲೆಗೆ ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಒಂದು ಕೈಲೆಕ್ಕ ಮಾಡೋಣ. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡದಲ್ಲಿ 14,37,169 ಜನ. ದೇಶದ ಸರಾಸರಿಯನ್ನೇ ನಮಗೂ ಹಚ್ಚಿದರೆ, ಜೋಯಿಡಾದಿಂದ ಭಟ್ಕಳದವರೆಗೆ 12 ತಾಲೂಕುಗಳಲ್ಲಿ ವರ್ಷಕ್ಕೆ 30ರ ಆಸುಪಾಸು ಕೊಲೆ ಎಂದಾಗುತ್ತದೆ. ಇದು ಅಳತೆ ಗೊತ್ತಾಗಲಿ ಎಂದು ಮಾಡಿದ ಲೆಕ್ಕ ಅಷ್ಟೆ, ಜಿಲ್ಲೆಯ ನಿಜವಾದ ಅಂಕಿ ಎಂದುಕೊಳ್ಳಬೇಡಿ.

ಈಗ ಇದರ ಪಕ್ಕ ಇನ್ನೊಂದು ಸಂಖ್ಯೆ ಇಡಿ. ಅದೇ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಕೊಲೆಯಾದವರ ಸುಮಾರು ಆರು ಪಟ್ಟು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೆಲ್ಮೆಟ್ ಇಲ್ಲದೆ ಮಗನನ್ನು ಬೈಕ್ ಮೇಲೆ ಕಳಿಸುವ ತಾಯಿ, ಅದೇ ಮಗ ರಾತ್ರಿ ಪೇಟೆಯಿಂದ ನಡೆದು ಬರುತ್ತಾನೆ ಎಂದರೆ ನಿದ್ದೆ ಮಾಡುವುದಿಲ್ಲ. ತಪ್ಪು ತಾಯಿಯದಲ್ಲ. ಆಕೆಗೆ ದಿನಾ ತೋರಿಸಿದ್ದು ಕೊಲೆಯನ್ನು.

ಅಪರಾಧ ಹೆಚ್ಚಾಗದಿದ್ದರೆ ಭಯ ಯಾಕೆ ಹೆಚ್ಚಾಗುತ್ತದೆ?

ನಮ್ಮ ಮನಸ್ಸು ಎಣಿಸುವುದು ಘಟನೆಗಳನ್ನಲ್ಲ, ನೆನಪುಗಳನ್ನು. ಯಾವುದು ಬೇಗ ನೆನಪಿಗೆ ಬರುತ್ತದೋ ಅದೇ ಜಾಸ್ತಿ ನಡೆಯುತ್ತದೆ ಎಂದುಕೊಳ್ಳುತ್ತೇವೆ. ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ವಿವರಿಸಿದರು. ಬೆಂಗಳೂರಿನ ಒಂದು ಸಿಸಿಟಿವಿ ದೃಶ್ಯವನ್ನು ಟಿವಿ ದಿನಕ್ಕೆ ನಲವತ್ತು ಸಲ ತೋರಿಸಿತು ಎನ್ನಿ. ಕೆಂಪು ವೃತ್ತ, ಬಾಣದ ಗುರುತು, ಎದೆ ಬಡಿತದಂಥ ಸಂಗೀತ. ಸತ್ತವರು ಒಬ್ಬರೇ. ಆದರೆ ಶಿರಸಿಯ ಅಡುಗೆಮನೆಯಲ್ಲಿ ಕೂತು ನೋಡಿದವರ ಮನಸ್ಸಿಗೆ ಅದು ನಲವತ್ತು ಸಲ ಆದ ಹಾಗೆಯೇ.

ಅಮೆರಿಕದ ಜಾರ್ಜ್ ಗರ್ಬ್ನರ್ ಟಿವಿ ಮತ್ತು ಹಿಂಸೆಯ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದವರು. ಟಿವಿ ಜಾಸ್ತಿ ನೋಡುವವರು ಲೋಕವನ್ನು ನಿಜಕ್ಕಿಂತ ಹೆಚ್ಚು ಕ್ರೂರ ಎಂದು ನಂಬುತ್ತಾರೆ ಎನ್ನುವುದು ಅವರು ಕಂಡುಕೊಂಡ ಸಂಗತಿ. ಅಲ್ಲಿ 1991ರಲ್ಲಿ ಲಕ್ಷಕ್ಕೆ 9.8 ಇದ್ದ ಕೊಲೆಯ ಪ್ರಮಾಣ 2014ಕ್ಕೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆ ಅವಧಿಯ ಬಹುತೇಕ ವರ್ಷಗಳ ಗ್ಯಾಲಪ್ ಸಮೀಕ್ಷೆಯಲ್ಲಿ ಹೆಚ್ಚಿನ ಜನ "ಅಪರಾಧ ಹೋದ ವರ್ಷಕ್ಕಿಂತ ಜಾಸ್ತಿಯಾಗಿದೆ" ಎಂದೇ ಹೇಳುತ್ತಿದ್ದರು.

ಸುದ್ದಿಯಲ್ಲಿ ಬಂದದ್ದು ನಡೆದ ಘಟನೆಯೇ ತಾನೇ? ಅದರಲ್ಲಿ ಪಕ್ಷಪಾತ ಎಲ್ಲಿಂದ ಬಂತು?

ಆಯ್ಕೆಯಿಂದ ಬಂತು. ಒಂದೂ ಸುಳ್ಳು ಬರೆಯದೆ ಸುಳ್ಳು ಚಿತ್ರ ಕಟ್ಟಿಕೊಡಬಹುದು. ನಾನೂ ಅದನ್ನು ಮಾಡಿದ್ದೇನೆ. ಅದಕ್ಕೇ ಅದು ನಡೆಯುವ ರೀತಿಯನ್ನು ಹೇಳುತ್ತೇನೆ.

ಬೆಳಿಗ್ಗೆ ಪೊಲೀಸರ ಪತ್ರಿಕಾ ಪ್ರಕಟಣೆ ಬರುತ್ತದೆ. ಅದರಲ್ಲಿ ಐದಾರು ಪ್ರಕರಣ. ಅಡಿಕೆ ಕಳವು, ಮಟ್ಕಾ, ಬೈಕ್ ಡಿಕ್ಕಿ, ಗಂಡ ಹೆಂಡತಿಗೆ ಹೊಡೆದದ್ದು, ಜಮೀನಿನ ಜಗಳದಲ್ಲಿ ಕತ್ತಿ ಬೀಸಿದ್ದು. ಕತ್ತಿ ಮೊದಲ ಪುಟಕ್ಕೆ ಹೋಗುತ್ತದೆ. ಹೆಂಡತಿಗೆ ಹೊಡೆದದ್ದು ಒಳಪುಟದಲ್ಲಿ ಎರಡು ಸಾಲು, ಜಾಗ ಇಲ್ಲದಿದ್ದರೆ ಅದೂ ಇಲ್ಲ. ದಿನಾ ಆಗುವುದು ಸುದ್ದಿಯಲ್ಲ, ಅಪರೂಪಕ್ಕೆ ಆಗುವುದೇ ಸುದ್ದಿ. ಕಸುಬಿನ ಈ ನಿಯಮದಿಂದಾಗಿ ಓದುಗರ ಕಣ್ಣಿಗೆ ಅಪರೂಪದ್ದು ದಿನನಿತ್ಯದ್ದಾಗುತ್ತದೆ, ದಿನನಿತ್ಯದ್ದು ಕಾಣದೇ ಹೋಗುತ್ತದೆ.

ಕಾಣದೇ ಹೋಗುವುದು ಎಷ್ಟು ದೊಡ್ಡದು ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ. 2022ರಲ್ಲಿ ಮಹಿಳೆಯರ ಮೇಲಿನ ಅಪರಾಧ ಎಂದು ದಾಖಲಾದ 4,45,256 ಪ್ರಕರಣಗಳಲ್ಲೂ ದೊಡ್ಡ ಪಾಲು, ಅಂದರೆ ಶೇ. 31.4, ಗಂಡ ಅಥವಾ ಗಂಡನ ಮನೆಯವರ ಕ್ರೌರ್ಯದ್ದೇ.

ಹೆಣ್ಣುಮಕ್ಕಳಿಗೆ "ಕತ್ತಲಾಗುವ ಮೊದಲು ಮನೆ ಸೇರು" ಎಂದು ಹೇಳುತ್ತೇವೆ. ಎಷ್ಟೋ ಜನರಿಗೆ ಅಪಾಯ ಇರುವುದು ಆ ಮನೆಯಲ್ಲೇ. ಇದನ್ನು ಹೇಳಿದಾಗ ಮಹಿಳಾ ಸಂಘಗಳಲ್ಲಿ ಒಂದು ನಿಶ್ಶಬ್ದ ಆವರಿಸುತ್ತದೆ. ಆ ನಿಶ್ಶಬ್ದ ನನಗೆ ಯಾವ ಅಂಕಿಗಿಂತಲೂ ಜಾಸ್ತಿ ಹೇಳುತ್ತದೆ.

ಪತ್ರಕರ್ತರು ಬೇಕಂತಲೇ ಹೀಗೆ ಮಾಡುತ್ತಾರಾ?

ಬಹುಪಾಲು ಜನ ಇಲ್ಲ. ತಾಲೂಕಿನ ವರದಿಗಾರರಲ್ಲಿ ಎಷ್ಟೋ ಜನರಿಗೆ ತಿಂಗಳ ಸಂಬಳ ಇಲ್ಲ, ಸುದ್ದಿಗಿಷ್ಟು ಅಂತ ಲೆಕ್ಕ. ಕೊಲೆ ಸುದ್ದಿ ಸಿಗುವುದು ಸುಲಭ, ಖರ್ಚು ಕಡಿಮೆ, ಓದುವವರು ಜಾಸ್ತಿ. ಅದೇ ಪ್ರಕರಣದ ವಿಚಾರಣೆಯನ್ನು ನಾಲ್ಕೈದು ವರ್ಷ ನ್ಯಾಯಾಲಯದಲ್ಲಿ ಕೂತು ಹಿಂಬಾಲಿಸಲು ಯಾರೂ ದುಡ್ಡು ಕೊಡುವುದಿಲ್ಲ.

ಹೊರಗಿನಿಂದ ಬಂದವರಿಂದಲೇ ಅಪಾಯ ಜಾಸ್ತಿ ಅಲ್ವಾ?

ಕಾರವಾರದಲ್ಲಿ ಈ ಪ್ರಶ್ನೆ ಕೇಳದ ಸಭೆಯೇ ಇಲ್ಲ. ಬೈತಖೋಲದ ಬೋಟುಗಳಲ್ಲಿ ದುಡಿಯುವವರು, ಗೋಕರ್ಣದ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ಕಟ್ಟಡದ ಕೆಲಸದವರು ಬೇರೆ ರಾಜ್ಯಗಳಿಂದ ಬಂದಿದ್ದಾರೆ. ಆರೋಪಿ ಅವರಲ್ಲೊಬ್ಬ ಆಗಿದ್ದರೆ ಅವನ ರಾಜ್ಯದ ಹೆಸರು ತಲೆಬರಹಕ್ಕೇ ಬರುತ್ತದೆ. ಆರೋಪಿ ನಮ್ಮೂರಿನವನೇ ಆದರೆ ಬರೀ "ಯುವಕ". ಹತ್ತು ಸಲ ಹೀಗೆ ಓದಿದ ಮೇಲೆ ಮನಸ್ಸು ತನ್ನಷ್ಟಕ್ಕೇ ಲೆಕ್ಕ ಹಾಕಿಕೊಳ್ಳುತ್ತದೆ.

ದಾಖಲೆ ಹೇಳುವುದು ಬೇರೆಯೇ. ದೇಶದ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತ. ನೆಂಟ, ನೆರೆಯವ, ಗೆಳೆಯ, ಕೆಲಸ ಕೊಟ್ಟವ. ಕೊಲೆಗಳಿಗೂ ವರ್ಷ ವರ್ಷ ಮೊದಲು ಕಾಣುವ ಕಾರಣ ಜಗಳ, ಆಮೇಲೆ ವೈಯಕ್ತಿಕ ದ್ವೇಷ. ಜಗಳ, ದ್ವೇಷ ಹುಟ್ಟುವುದು ಗುರುತಿದ್ದವರ ನಡುವೆ.

ಹೊರಗಿನವರ ಭಯ ಜೀವ ತೆಗೆದದ್ದೂ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ರಾಜ್ಯದ ತುಂಬ ಓಡಾಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಕೂಲಿಕಾರನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಕೊಂದರು. ಆಗ ಹರಿದಾಡುತ್ತಿದ್ದ ಒಂದು ವಿಡಿಯೊದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಗೆ ಮಗುವನ್ನು ವಾಪಸ್ ತಂದುಬಿಟ್ಟು, ಹೀಗೂ ಆಗಬಹುದು ಎಚ್ಚರ ಎಂದು ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು.

ಭಟ್ಕಳ ಎಂದ ತಕ್ಷಣ ಹೊರಗಿನವರು ಯಾಕೆ ಬೆಚ್ಚುತ್ತಾರೆ?

ಒಂದು ಊರಿನ ಹೆಸರು ಒಬ್ಬ ಅಪರಾಧಿಯ ಅಡ್ಡಹೆಸರಾಯಿತು, ಅದಕ್ಕೆ. 2013ರ ಹೈದರಾಬಾದ್ ಸ್ಫೋಟ ಪ್ರಕರಣದಲ್ಲಿ 2016ರಲ್ಲಿ ಶಿಕ್ಷೆಯಾದ ಯಾಸಿನ್ ಭಟ್ಕಳ್‌ನ ಮೂಲ ಹೆಸರು ಮೊಹಮ್ಮದ್ ಅಹ್ಮದ್ ಸಿದ್ದಿಬಾಪ. ರಾಷ್ಟ್ರೀಯ ವಾಹಿನಿಗಳು ಅವನನ್ನು ವರ್ಷಗಟ್ಟಲೆ ಬರೀ "ಭಟ್ಕಳ್" ಎಂದೇ ಕರೆದವು. "ಭಟ್ಕಳ್ ಸಿಕ್ಕಿಬಿದ್ದ", "ಭಟ್ಕಳ್ ಬಾಯಿಬಿಟ್ಟ". ಕೇಳಿದವರ ತಲೆಯಲ್ಲಿ ಊರು, ಮನುಷ್ಯ ಎರಡೂ ಒಂದೇ ಆಯಿತು. ಮಲ್ಲಿಗೆ ಕಟ್ಟುವವರು, ಮೀನುಗಾರರು, ಗಲ್ಫಿನಲ್ಲಿ ದುಡಿದು ಮನೆಗೆ ಹಣ ಕಳಿಸುವವರು, ಹಿಂದೂ ಮುಸ್ಲಿಂ ಅನ್ನದೆ ಎಲ್ಲರೂ ಆ ಹೆಸರನ್ನು ಹೊರಬೇಕಾಯಿತು. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳುವಾಗ ಊರು ಯಾವುದು ಎಂದರೆ "ಕಾರವಾರದ ಹತ್ತಿರ" ಎನ್ನುವ ಭಟ್ಕಳದ ಹುಡುಗರನ್ನು ನಾನು ಬಲ್ಲೆ. ನನಗೆ ಇದು ಬಹಳ ನೋವಿನ ಸಂಗತಿ.

2017ರಲ್ಲಿ ಹೊನ್ನಾವರದಲ್ಲಿ ಆದದ್ದನ್ನು ಈಗ ಹೇಗೆ ನೋಡಬೇಕು?

ದಿನಾಂಕಗಳನ್ನು ಹಿಡಿದು ನೋಡಬೇಕು. 2017ರ ಡಿಸೆಂಬರ್ ಮೊದಲ ವಾರ ಹೊನ್ನಾವರದಲ್ಲಿ ಎರಡು ಕೋಮುಗಳ ನಡುವೆ ಗಲಾಟೆ ಆಯಿತು. ಡಿಸೆಂಬರ್ 8ರಂದು ಅಲ್ಲಿನ ಒಂದು ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ ಎಂಬ ಸುದ್ದಿ ಗಂಟೆಗಳಲ್ಲಿ ಜಿಲ್ಲೆ ದಾಟಿತು. ಕೈಕಾಲಿಗೆ ಏನು ಮಾಡಿದ್ದಾರೆ, ಮುಖಕ್ಕೆ ಏನು ಸುರಿದಿದ್ದಾರೆ ಎಂದು ವಿವರ ವಿವರವಾಗಿ. ಶವಪರೀಕ್ಷೆಯಲ್ಲಿ ಅಂಥ ಗಾಯಗಳಿಲ್ಲ ಎಂದು ಮಣಿಪಾಲದ ವಿಧಿವಿಜ್ಞಾನ ವೈದ್ಯರು ಕೊಟ್ಟ ಉತ್ತರವನ್ನು ಪೊಲೀಸರು ಪ್ರಕಟಿಸಿದರು. ಅಷ್ಟೊತ್ತಿಗೆ ತಡವಾಗಿತ್ತು. ಕುಮಟಾದಲ್ಲಿ ಹಿಂಸಾಚಾರ ಆಯಿತು, ಹಿರಿಯ ಪೊಲೀಸ್ ಅಧಿಕಾರಿಯ ವಾಹನವೇ ಸುಟ್ಟುಹೋಯಿತು. ಮರುದಿನ ಶಿರಸಿಯಲ್ಲಿ ಕಲ್ಲು ತೂರಾಟ.

ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ಅದರಲ್ಲಿತ್ತು.

ಒಬ್ಬ ತಾಯಿ ಮಗನನ್ನು ಕಳೆದುಕೊಂಡಳು. ಆ ದುಃಖಕ್ಕೆ ಯಾವ ವರದಿಯೂ ಸಮಾಧಾನ ಅಲ್ಲ. ಆದರೆ ವದಂತಿಗೂ ವರದಿಗೂ ನಡುವೆ ಸುಮಾರು ಐದು ವರ್ಷ ಇತ್ತು ಎನ್ನುವುದನ್ನು ಗಮನಿಸಿ. ಕಾಲೇಜುಗಳಲ್ಲಿ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಚಿತ್ರಹಿಂಸೆಯ ಮಾತು ಕೇಳಿದವರು ಯಾರು ಎಂದರೆ ತುಂಬ ಕೈಗಳು ಏಳುತ್ತವೆ. ಸಿಬಿಐ ವರದಿಯ ಬಗ್ಗೆ ಕೇಳಿದವರು ಯಾರು ಎಂದರೆ ಒಂದೆರಡು. ಆಗ ಈ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿದ್ದರು.

ಅಪರಾಧ ಸುದ್ದಿಯ ಭಾಷೆಯಲ್ಲಿ ಏನು ಗಮನಿಸಬೇಕು?

ನನ್ನ ಮಟ್ಟಿಗೆ ಅತಿ ಮುಖ್ಯ ಪದ "ಎನ್ನಲಾಗಿದೆ". ಕನ್ನಡದಲ್ಲಿ ಇದು ಬಹಳ ಅನುಕೂಲದ ಪದ. ಅಂದವರು ಯಾರು ಎಂದು ಹೇಳಬೇಕಾಗಿಯೇ ಇಲ್ಲ. ಪೊಲೀಸರಾ, ಪಕ್ಕದ ಮನೆಯವರಾ, ಚಹಾ ಅಂಗಡಿಯಲ್ಲಿ ಕೂತವರಾ? "ಶಂಕೆ ವ್ಯಕ್ತವಾಗಿದೆ", "ಮೂಲಗಳು ತಿಳಿಸಿವೆ" ಕೂಡ ಅದೇ ಜಾತಿಯವು. ಈ ಪದ ಕಂಡಾಗ "ಯಾರು ಅಂದರು?" ಎಂದು ಕೇಳಿಕೊಳ್ಳಿ. ಉತ್ತರ ಸುದ್ದಿಯೊಳಗೇ ಸಿಗದಿದ್ದರೆ ಆ ಸಾಲನ್ನು ಬಿಟ್ಟು ಮುಂದೆ ಓದಿ. ಎಷ್ಟೋ ಸುದ್ದಿಗಳು ಆಗ ಅರ್ಧ ಆಗುತ್ತವೆ.

ಇನ್ನು ವಿಶೇಷಣಗಳು. ಬೆಚ್ಚಿಬೀಳಿಸುವ, ಬರ್ಬರ, ಮೈ ಜುಮ್ಮೆನ್ನಿಸುವ, ನರರಾಕ್ಷಸ. ಕೊಲೆ ಎಂದರೆ ಸಾಲದೇ? ಕೊಂದವನನ್ನು ರಾಕ್ಷಸ ಎಂದ ಕೂಡಲೇ ಅವನು ನಮ್ಮ ನಡುವಿನವನಲ್ಲ ಎಂದಾಗುತ್ತದೆ. ಅವನು ತಿಂಗಳುಗಟ್ಟಲೆ ಬೆದರಿಕೆ ಹಾಕಿದ್ದ, ಆಕೆ ದೂರು ಕೊಟ್ಟಿದ್ದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದೆಲ್ಲ ಹಿಂದೆ ಸರಿಯುತ್ತದೆ.

"ಪ್ರೇಮ ಪ್ರಕರಣ" ಎಂಬ ಪದ ನನಗೆ ಆಗಿಬರುವುದಿಲ್ಲ. ಹುಡುಗಿ ಬೇಡ ಅಂದಳು, ಅವನು ಕೊಂದ. ಇದರಲ್ಲಿ ಪ್ರೇಮ ಎಲ್ಲಿದೆ? ಹಾಗೆಯೇ "ತಡರಾತ್ರಿ ಒಬ್ಬಳೇ ಹೋಗುತ್ತಿದ್ದ". ಒಬ್ಬಳೇ ಹೋಗುವುದು ಅಪರಾಧ ಅಲ್ಲ. ಆದರೂ ಅದು ಮೊದಲ ಸಾಲಿನಲ್ಲಿರುತ್ತದೆ, ಮತ್ತು ಓದಿದ ಅಪ್ಪ ಮಗಳ ಟ್ಯೂಷನ್ ಬಿಡಿಸುತ್ತಾನೆ.

ಬಂಧಿಸಿದ್ದಾರೆ ಎಂದರೆ ಅವನೇ ಮಾಡಿದ್ದು ಎಂದೇ ಅರ್ಥ ಅಲ್ವಾ?

ಅಲ್ಲ. ಬಂಧನ ಆದವನು ಆರೋಪಿ. ನ್ಯಾಯಾಲಯ ತಪ್ಪಿತಸ್ಥ ಎಂದ ಮೇಲೆ ಅಪರಾಧಿ. 2022ರಲ್ಲಿ ದೇಶದಲ್ಲಿ ತೀರ್ಪು ಬಂದ ಕೊಲೆ ಪ್ರಕರಣಗಳಲ್ಲಿ ಅರ್ಧಕ್ಕೂ ಕಡಿಮೆ ಪ್ರಕರಣಗಳಲ್ಲಿ ಮಾತ್ರ ಶಿಕ್ಷೆ ಆಯಿತು. ಖುಲಾಸೆ ಆದವರೆಲ್ಲ ನಿರಪರಾಧಿಗಳು ಎಂದು ನಾನು ಹೇಳುತ್ತಿಲ್ಲ. ತನಿಖೆ ಸೋತದ್ದೂ, ಸಾಕ್ಷಿ ತಿರುಗಿಬಿದ್ದದ್ದೂ ಇರುತ್ತದೆ.

ನಾನು ಬರೆದ ಒಂದು ಸುದ್ದಿ ಈಗಲೂ ಕಾಡುತ್ತದೆ. ಒಬ್ಬನ ಬಂಧನವಾದ ದಿನ ಅವನ ಫೋಟೊ ಹಾಕಿ, ನಾಲ್ಕು ಕಾಲಂ ಬರೆದೆ. ತಲೆಬರಹದಲ್ಲಿ "ಹಂತಕ" ಎಂದಿತ್ತು. ಕೆಲವು ವರ್ಷಗಳ ಮೇಲೆ ಅವನು ಖುಲಾಸೆಯಾದ. ಆ ಸುದ್ದಿ ಒಳಪುಟದಲ್ಲಿ ಆರು ಸಾಲು ಬಂತು, ಫೋಟೊ ಇರಲಿಲ್ಲ. ಆಮೇಲೆ ಅವನು ಊರು ಬಿಟ್ಟ ಎಂದು ಕೇಳಿದೆ. ಆ ನಾಲ್ಕು ಕಾಲಮ್ಮನ್ನು ನಾನು ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ.

ಪೊಲೀಸರು ಮಾಧ್ಯಮಕ್ಕೆ ಏನು ಹೇಳಬಹುದು, ಏನು ಹೇಳಬಾರದು ಎಂಬ ಕೈಪಿಡಿ ಸಿದ್ಧಪಡಿಸುವಂತೆ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಪಕ್ಷಪಾತದ ವರದಿಯಿಂದ ಆರೋಪಿ ತಪ್ಪಿತಸ್ಥ ಎಂಬ ಅನುಮಾನ ಜನರಲ್ಲಿ ಹುಟ್ಟುತ್ತದೆ ಎನ್ನುವುದು ಆಗ ಕೋರ್ಟಿನ ಕಳವಳವಾಗಿತ್ತು.

ಎಲ್ಲರ ಸಾವಿಗೂ ಒಂದೇ ಬೆಲೆ ಯಾಕೆ ಸಿಗುವುದಿಲ್ಲ?

ಇದು ಅಪರಾಧದ ಉದಾಹರಣೆ ಅಲ್ಲ, ಆದರೂ ನಮ್ಮ ಕಣ್ಣೆದುರೇ ನಡೆದದ್ದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕೇರಳದ ಒಬ್ಬ ಲಾರಿ ಚಾಲಕನ ಹುಡುಕಾಟವನ್ನು ಮಲಯಾಳಂ ವಾಹಿನಿಗಳು ದಿನವಿಡೀ ತೋರಿಸಿದವು. ಆ ಒತ್ತಡ ಇತ್ತು ಅಂತಲೇ ನಡುವೆ ನಿಂತ ಹುಡುಕಾಟ ಮತ್ತೆ ಶುರುವಾಯಿತು, ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಲಾರಿಯನ್ನು ಮೇಲೆತ್ತಿದರು. ಅದು ಒಳ್ಳೆಯದೇ ಆಯಿತು. ಅದೇ ಮಣ್ಣಿನಲ್ಲಿ ಹೋದ ನಮ್ಮವರ ಹೆಸರುಗಳು ರಾಜ್ಯಕ್ಕೇ ಸರಿಯಾಗಿ ತಲುಪಲಿಲ್ಲ. ಕೊಲೆ ಸುದ್ದಿಯಲ್ಲೂ ಹೀಗೆಯೇ. ಪೇಟೆಯ, ಓದಿದ ಮನೆಯ ಹುಡುಗಿ ಸತ್ತರೆ ವಾರಗಟ್ಟಲೆ ಚರ್ಚೆ. ಹಳಿಯಾಳದ ಕಬ್ಬಿನ ಗದ್ದೆಯ ಕೂಲಿ ಹೆಣ್ಣುಮಗಳಾದರೆ ಒಂದು ದಿನ.

ಸಂತ್ರಸ್ತೆಯ ಫೋಟೊ ಗ್ರೂಪಿಗೆ ಬಂದರೆ ಏನು ಮಾಡಬೇಕು?

ಅಳಿಸಿ, ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಹೇಳಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು ಆಗಬಹುದು. ಮಕ್ಕಳಾದರೆ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಇದೆ. ಹೆಸರು ಹೇಳದೆ ಶಾಲೆ, ಬೀದಿ, ಅಪ್ಪನ ಕೆಲಸ ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ. ಸಣ್ಣ ಊರಿನಲ್ಲಂತೂ "ಮಾರಿಗುಡಿ ಹತ್ತಿರದ ಮನೆ" ಎಂದರೆ ಸಾಕು.

ತಪ್ಪು ವರದಿಯ ಬಗ್ಗೆ ದೂರು ಕೊಡಲು ಆಗುತ್ತದಾ?

ಆಗುತ್ತದೆ. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ. ಸಮಾಧಾನವಾಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ಬರೆಯಬಹುದು. ದಿನಪತ್ರಿಕೆಯ ವರದಿಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ಟಿವಿಯಾದರೆ ಮೊದಲು ವಾಹಿನಿಗೆ. 2021ರ ತಿದ್ದುಪಡಿ ನಿಯಮದ ಪ್ರಕಾರ ಅವರು 15 ದಿನದೊಳಗೆ ಉತ್ತರಿಸಬೇಕು. ಆಮೇಲೆ ವಾಹಿನಿಗಳ ಸ್ವನಿಯಂತ್ರಣ ಸಂಸ್ಥೆಗೆ ಹೋಗಬಹುದು. ಸುದ್ದಿಯ ಕತ್ತರಿಸಿದ ಪ್ರತಿ, ದಿನಾಂಕ, ಸಮಯ ಜೋಪಾನವಾಗಿ ಇಟ್ಟುಕೊಳ್ಳಿ.

ಸ್ಥಳೀಯ ಪತ್ರಿಕೆಗಾದರೆ ಒಂದು ಪತ್ರವೂ ಕೆಲಸ ಮಾಡುತ್ತದೆ. ಓದುಗರಿಂದ ಅಂಥ ಪತ್ರ ಬಂದ ದಿನ ನಮ್ಮ ಕಚೇರಿಯಲ್ಲಿ ಅದರದ್ದೇ ಮಾತು.

ಹಾಗಾದರೆ ಎಚ್ಚರಿಕೆಯೇ ಬೇಡವಾ?

ಬೇಕು, ಸರಿಯಾದ ಕಡೆ ಬೇಕು. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಈ ಮೂರನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಪಕ್ಕದ ಮನೆಯಿಂದ ಕೂಗು ಕೇಳಿದರೆ "ಅವರ ಮನೆ ವಿಚಾರ" ಎಂದು ಸುಮ್ನೆ ಕೂರಬೇಡಿ.

ನಮ್ಮ ಅಮ್ಮ ದಿನವಿಡೀ ಕ್ರೈಂ ಸುದ್ದಿ ನೋಡಿ ಹೆದರುತ್ತಾರೆ. ಏನು ಮಾಡಲಿ?

ನನ್ನ ಅಮ್ಮನೂ ಹಾಗೇ ಇದ್ದಳು. ನಾನು ಕಾರವಾರದಲ್ಲಿದ್ದಾಗ ರಾತ್ರಿ ಹತ್ತಕ್ಕೆ ಶಿರಸಿಯಿಂದ ಫೋನ್ ಬರುತ್ತಿತ್ತು, "ಬಾಗ್ಲು ಹಾಕ್ಯಂಡಿದ್ಯ?" ಕೊಲೆ ನಡೆದದ್ದು ಎಲ್ಲೋ ದೆಹಲಿಯಲ್ಲಿ ಇರುತ್ತಿತ್ತು. ಟಿವಿ ಬಂದ್ ಮಾಡು ಎಂದರೆ ಸಿಟ್ಟು. ಒಬ್ಬಳೇ ಇರುವವಳಿಗೆ ಅದೊಂದೇ ದನಿ.

ಹಾಗಾಗಿ ಬಂದ್ ಮಾಡಿಸುವುದು ಬಿಟ್ಟೆ. ಊರಿಗೆ ಹೋದಾಗ ಅವಳ ಪಕ್ಕ ಕೂತು ನೋಡಿದೆ. ಪ್ರತಿ ಸುದ್ದಿಗೂ ಇದು ಯಾವ ಊರು, ಯಾವತ್ತಿನದು, ಯಾರು ಹೇಳಿದ್ದು ಎಂದು ಇಬ್ಬರೂ ಸೇರಿ ಹುಡುಕುವುದು. ಮೊದಲ ದಿನ ಅವಳಿಗೆ ಕಿರಿಕಿರಿ ಆಯಿತು. ನಾಲ್ಕನೇ ದಿನ ಒಂದು ದೃಶ್ಯ ಬಂದಾಗ, ಅದು ಮೊನ್ನೆ ತೋರಿಸಿದ್ದೇ ಎಂದು ಅವಳೇ ಹೇಳಿದಳು. ಈಗಲೂ ನೋಡುತ್ತಾಳೆ. ಫೋನ್ ಈಗಲೂ ಬರುತ್ತದೆ, ಕೆಲವು ದಿನ ಬಾಗಿಲ ವಿಚಾರಕ್ಕೆ, ಕೆಲವು ದಿನ "ಹೆಲ್ಮೆಟ್ ಹಾಕ್ಯಂಡಿದ್ಯ?" ಎಂದು ಕೇಳಲು.